ಕಾಯುವುದನ್ನು ಕಲಿಸಿದ ಓಟದ ಗುರು ಆರ್ಥರ್ ಲಿಡಿಯಾರ್ಡ್

1960ರ ಸೆಪ್ಟೆಂಬರ್ 2. ರೋಮ್ ನಗರದ ಒಲಿಂಪಿಕ್ ಕ್ರೀಡಾಂಗಣದಲ್ಲಿ ನೆರೆದಿದ್ದ ಪ್ರೇಕ್ಷಕರಿಗೆ ನ್ಯೂಜಿಲೆಂಡ್ ಎಂಬ ಪುಟ್ಟ ದೇಶದ ಹೆಸರನ್ನು ಒಂದೇ ಗಂಟೆಯ ಅವಧಿಯಲ್ಲಿ ಎರಡು ಬಾರಿ ಕೇಳುವ ಪ್ರಸಂಗ ಒದಗಿತು. ಮೊದಲು ನಡೆದದ್ದು 800 ಮೀಟರ್ ಓಟದ ಅಂತಿಮ ಸ್ಪರ್ಧೆ. ವಿಶ್ವದಾಖಲೆಯ ಒಡೆಯರಾಗಿದ್ದ ಬೆಲ್ಜಿಯಂನ ರೋಜರ್ ಮೂನ್ಸ್ ಗೆಲುವಿನ ಗೆರೆ ಸಮೀಪಿಸುತ್ತಿದ್ದಂತೆ, ಹೊರಜಗತ್ತಿಗೆ ಹೆಚ್ಚು ಪರಿಚಯವೇ ಇಲ್ಲದ 21 ವರ್ಷದ ಪೀಟರ್ ಸ್ನೆಲ್ ಒಳಬದಿಯಿಂದ ನುಗ್ಗಿ ಬಂದು 1 ನಿಮಿಷ 46.3 ಸೆಕೆಂಡ್‌ಗಳಲ್ಲಿ ಗುರಿ ಮುಟ್ಟಿದರು. ಆ ಅಚ್ಚರಿ ಕರಗುವ ಮೊದಲೇ 5000 ಮೀಟರ್ ಓಟ ಆರಂಭವಾಯಿತು. ಇನ್ನೂ ಮೂರು ಸುತ್ತು ಉಳಿದಿರುವಾಗಲೇ ಮರ್ರೆ ಹಾಲ್ಬರ್ಗ್ ಗುಂಪಿನಿಂದ ಸಿಡಿದು ಮುಂದೋಡಿದರು. ಕೊನೆಯ ಸುತ್ತಿನಲ್ಲಿ ಕಾಲುಗಳು ಸೋತರೂ ಮುನ್ನಡೆಯನ್ನು ಬಿಟ್ಟುಕೊಡದೆ ಗೆದ್ದು, ಗೆರೆಯ ಆಚೆ ಹುಲ್ಲಿನ ಮೇಲೆ ಕುಸಿದರು.

ಎಂಟು ದಿನಗಳ ನಂತರ ರೋಮ್‌ನ ಬೀದಿಗಳಲ್ಲಿ ಮ್ಯಾರಥಾನ್ ನಡೆಯಿತು. ಬರಿಗಾಲಲ್ಲಿ ಓಡಿದ ಇಥಿಯೋಪಿಯಾದ ಅಬೆಬೆ ಬಿಕಿಲಾ ಗೆದ್ದ ಆ ಸ್ಪರ್ಧೆಯಲ್ಲಿ ಕಂಚಿನ ಪದಕ ಪಡೆದವರು ನ್ಯೂಜಿಲೆಂಡಿನ ಬ್ಯಾರಿ ಮಗೀ. ಇದೇ ಒಲಿಂಪಿಕ್ಸ್‌ನಲ್ಲಿ ಮಿಲ್ಖಾ ಸಿಂಗ್ 400 ಮೀಟರ್ ಓಟದಲ್ಲಿ ನಾಲ್ಕನೆಯವರಾಗಿ, ಕೂದಲೆಳೆಯ ಅಂತರದಲ್ಲಿ ಪದಕ ತಪ್ಪಿಸಿಕೊಂಡದ್ದನ್ನು ಭಾರತೀಯರು ಇಂದಿಗೂ ನೆನೆಯುತ್ತಾರೆ. ನ್ಯೂಜಿಲೆಂಡಿಗರು ನೆನೆಯುವುದು ಆ ಮೂವರನ್ನು, ಅವರೊಂದಿಗೆ ಅವರ ಗುರುವನ್ನು. ಸುಮಾರು 24 ಲಕ್ಷ ಜನಸಂಖ್ಯೆಯ ದೇಶವೊಂದು 800 ಮೀಟರಿನಿಂದ ಮ್ಯಾರಥಾನ್‌ವರೆಗೆ ಮೂರು ಪದಕ ಗೆದ್ದದ್ದೇ ದೊಡ್ಡ ಸುದ್ದಿ. ಆ ಮೂವರೂ ಆಕ್ಲೆಂಡ್ ನಗರದಲ್ಲಿ ಒಬ್ಬನೇ ವ್ಯಕ್ತಿಯ ಬಳಿ ಪಳಗಿದವರು ಎಂಬುದು ಅದಕ್ಕಿಂತ ದೊಡ್ಡ ಸುದ್ದಿ.

ಆ ವ್ಯಕ್ತಿ ಆರ್ಥರ್ ಲಿಡಿಯಾರ್ಡ್. ಅವರು ಆಗ ದೇಶದ ತಂಡದ ಅಧಿಕೃತ ತರಬೇತುದಾರರೂ ಆಗಿರಲಿಲ್ಲ. ಅಭಿಮಾನಿಗಳು ಕೂಡಿಸಿಕೊಟ್ಟ ಹಣದ ನೆರವಿನಿಂದ ರೋಮ್ ತಲುಪಿದ್ದರು. ಶೂ ಕಾರ್ಖಾನೆಯ ಈ ಕೆಲಸಗಾರ ಓಟದ ತರಬೇತಿಯ ಲೆಕ್ಕಾಚಾರವನ್ನೇ ಬದಲಿಸಿದರೆಂದು ಜಗತ್ತು ಒಪ್ಪಿಕೊಳ್ಳಲು ಹೆಚ್ಚು ಕಾಲ ಹಿಡಿಯಲಿಲ್ಲ. ಅವರ ವಿಚಾರದ ಇನ್ನೊಂದು ಭಾಗ ಮಾತ್ರ ಅಷ್ಟು ಸುಲಭವಾಗಿ ಯಾರ ಕಿವಿಗೂ ಬೀಳಲಿಲ್ಲ. ಹದಿಹರೆಯದ ಓಟಗಾರರನ್ನು ಅವಸರಪಡಿಸಬಾರದು, ಅವರ ಫಲವನ್ನು ವರ್ಷಗಳ ಕಾಲ ಕಾಯಬೇಕು ಎಂಬುದೇ ಆ ಭಾಗ.

ಐದು ಮೈಲಿ ಕಲಿಸಿದ ಪಾಠ

ಆರ್ಥರ್ ಲೆಸ್ಲಿ ಲಿಡಿಯಾರ್ಡ್ ಹುಟ್ಟಿದ್ದು 1917ರ ಜುಲೈ 6ರಂದು, ಆಕ್ಲೆಂಡ್‌ನಲ್ಲಿ. ಯೌವನದಲ್ಲಿ ಅವರ ಒಲವು ರಗ್ಬಿಯ ಕಡೆಗಿತ್ತು. ಓಟವೆಂಬುದು ಆಗೊಮ್ಮೆ ಈಗೊಮ್ಮೆ ಮಾಡುವ ಕಸರತ್ತು ಮಾತ್ರ. ಸಂಸಾರ ಬೆಳೆದಂತೆ ಶೂ ಕಾರ್ಖಾನೆಯ ದುಡಿಮೆ ಸಾಲದೆ, ಮನೆ ಮನೆಗೆ ಹಾಲು ಹಾಕುವ ಕೆಲಸವನ್ನೂ ಹಿಡಿದರು.

ಎರಡನೇ ಮಹಾಯುದ್ಧ ಮುಗಿಯುವ ವೇಳೆಗೆ, ಸ್ಥಳೀಯ ಓಟದ ಕ್ಲಬ್ಬಿನ ಹಿರಿಯ ಜಾಕ್ ಡೋಲನ್ ಒಂದು ದಿನ ಅವರನ್ನು ಐದು ಮೈಲಿಯ ಓಟಕ್ಕೆ ಜೊತೆಗೆ ಕರೆದೊಯ್ದರು. ತಾನು ಗಟ್ಟಿಮುಟ್ಟಾಗಿದ್ದೇನೆ ಎಂದು ನಂಬಿದ್ದ ಲಿಡಿಯಾರ್ಡ್ ಅರ್ಧ ದಾರಿಯಲ್ಲೇ ಏದುಸಿರು ಬಿಟ್ಟರು. ಎದೆ ಉರಿಯಿತು, ಕಾಲು ಮಾತು ಕೇಳಲಿಲ್ಲ. ಮೂವತ್ತು ತುಂಬುವ ಮೊದಲೇ ಹೀಗಾದರೆ ನಲವತ್ತೇಳರ ವಯಸ್ಸಿಗೆ ಏನಾದೀತು ಎಂಬ ಚಿಂತೆ ಅವರನ್ನು ಕಾಡತೊಡಗಿತು. ಗ್ರಂಥಾಲಯದಲ್ಲಿ ಸಿಕ್ಕ ಓಟದ ಪುಸ್ತಕಗಳು ಅವರಿಗೆ ಸಮಾಧಾನ ತರಲಿಲ್ಲ. ಹಾಗಾಗಿ ತಮ್ಮ ದೇಹವನ್ನೇ ಪ್ರಯೋಗಶಾಲೆ ಮಾಡಿಕೊಂಡರು.

ಮುಂದಿನ ವರ್ಷಗಳಲ್ಲಿ ಅವರು ಮಾಡಿದ ಪ್ರಯೋಗಗಳು ಇಂದಿನ ತರಬೇತುದಾರರನ್ನೂ ಬೆಚ್ಚಿಬೀಳಿಸುವಂಥವು. ವಾರಕ್ಕೆ ಕೆಲವೇ ಮೈಲಿಗಳಿಂದ ಹಿಡಿದು 250 ಮೈಲಿಯವರೆಗೆ, ಅಂದರೆ ಸುಮಾರು 400 ಕಿಲೋಮೀಟರಿನವರೆಗೆ ಓಡಿ ನೋಡಿದರು. ಯಾವ ಪ್ರಮಾಣ ದೇಹವನ್ನು ಕಟ್ಟುತ್ತದೆ, ಯಾವುದು ಕೆಡವುತ್ತದೆ ಎಂದು ಗಮನಿಸಿದರು. ಪ್ರಬುದ್ಧ ಓಟಗಾರನಿಗೆ ವಾರಕ್ಕೆ 100 ಮೈಲಿ, ಸುಮಾರು 160 ಕಿಲೋಮೀಟರ್, ಅದೂ ಏದುಸಿರು ಬಾರದ ಹದವಾದ ವೇಗದಲ್ಲಿ ಓಡುವುದು ಸೂಕ್ತ ಎಂಬ ತೀರ್ಮಾನಕ್ಕೆ ಬಂದರು. 1950ರಲ್ಲಿ ಆಕ್ಲೆಂಡ್‌ನಲ್ಲೇ ನಡೆದ ಬ್ರಿಟಿಷ್ ಎಂಪೈರ್ ಕ್ರೀಡಾಕೂಟದ ಮ್ಯಾರಥಾನ್‌ನಲ್ಲಿ ದೇಶವನ್ನು ಪ್ರತಿನಿಧಿಸಿದರು. 1953 ಮತ್ತು 1955ರಲ್ಲಿ ನ್ಯೂಜಿಲೆಂಡಿನ ಮ್ಯಾರಥಾನ್ ಚಾಂಪಿಯನ್ ಆದರು.

ಆಗಿನ ಕಾಲದ ಪ್ರಚಲಿತ ಪದ್ಧತಿ ಬೇರೆಯೇ ಇತ್ತು. ಜರ್ಮನಿಯ ವೊಲ್ಡೆಮಾರ್ ಗೆರ್ಶ್ಲರ್ ಅವರ ಪ್ರಯೋಗಗಳು ಮತ್ತು ಜೆಕೊಸ್ಲೊವಾಕಿಯಾದ ಎಮಿಲ್ ಜಟೋಪೆಕ್ ಅವರ ಗೆಲುವುಗಳಿಂದ ಇಂಟರ್ವಲ್ ತರಬೇತಿ ಎಲ್ಲೆಡೆ ಹಬ್ಬಿತ್ತು. ಟ್ರ್ಯಾಕ್ ಮೇಲೆ ಕಡಿಮೆ ದೂರವನ್ನು ವೇಗವಾಗಿ ಓಡುವುದು, ತುಸು ಸುಧಾರಿಸಿಕೊಂಡು ಮತ್ತೆ ಓಡುವುದು, ಹೀಗೆ ಹತ್ತಾರು ಬಾರಿ. ಈ ಕ್ರಮದಿಂದ ಫಲ ಬೇಗ ಸಿಗುತ್ತದೆ ಎಂಬುದನ್ನು ಲಿಡಿಯಾರ್ಡ್ ಅಲ್ಲಗಳೆಯಲಿಲ್ಲ. ಆದರೆ ಅಡಿಪಾಯವಿಲ್ಲದ ದೇಹಕ್ಕೆ ಇದನ್ನು ಹೇರಿದರೆ ಕೆಲವು ವಾರ ಮಿಂಚಿ ಆಮೇಲೆ ಕುಸಿಯುತ್ತದೆ ಎಂಬುದು ಅವರು ಸ್ವತಃ ಅನುಭವಿಸಿ ಕಂಡ ಸತ್ಯವಾಗಿತ್ತು.

ಕೈ ಸೋತ ಹುಡುಗ, ಒಂಬತ್ತು ವರ್ಷದ ದಾರಿ

ಲಿಡಿಯಾರ್ಡ್ ತರಬೇತುದಾರರಾಗಲು ಹೊರಟವರಲ್ಲ. ಅವರ ಜೊತೆ ಓಡತೊಡಗಿದ ನೆರೆಹೊರೆಯ ಹುಡುಗರು ಸ್ಥಳೀಯ ಸ್ಪರ್ಧೆಗಳಲ್ಲಿ ಗೆಲ್ಲತೊಡಗಿದಾಗ ಗುರುವಿನ ಪಟ್ಟ ತಾನಾಗಿ ಬಂತು. ಆರಂಭದ ಶಿಷ್ಯರಲ್ಲಿ ಒಬ್ಬರಾದ ಲಾರಿ ಕಿಂಗ್ 1954ರ ವ್ಯಾಂಕೋವರ್ ಎಂಪೈರ್ ಕ್ರೀಡಾಕೂಟದವರೆಗೂ ಹೋದರು. ಆದರೆ ಲಿಡಿಯಾರ್ಡ್ ಅವರ ತಾಳ್ಮೆಯನ್ನು ನಿಜವಾಗಿ ಒರೆಗೆ ಹಚ್ಚಿದ ಶಿಷ್ಯ ಮರ್ರೆ ಹಾಲ್ಬರ್ಗ್.

1933ರಲ್ಲಿ ಹುಟ್ಟಿದ ಹಾಲ್ಬರ್ಗ್ ರಗ್ಬಿ ಆಟಗಾರನಾಗುವ ಕನಸು ಹೊತ್ತಿದ್ದ ಹುಡುಗ. ಹದಿನೇಳರ ಹರೆಯದಲ್ಲಿ ಪಂದ್ಯವೊಂದರಲ್ಲಿ ಆದ ಪೆಟ್ಟು ಅವರ ಎಡಗೈಯ ಶಕ್ತಿಯನ್ನು ಕಿತ್ತುಕೊಂಡಿತು. ಬಟ್ಟೆ ತೊಡುವುದು, ಊಟ ಮಾಡುವುದು ಮುಂತಾದ ದಿನನಿತ್ಯದ ಕೆಲಸಗಳನ್ನೂ ಹೊಸದಾಗಿ ಕಲಿಯಬೇಕಾಯಿತು. ರಗ್ಬಿಯ ಬಾಗಿಲು ಮುಚ್ಚಿದಾಗ ಓಟದ ಬಾಗಿಲು ತೆರೆಯಿತು. ಕೆಲವೇ ದಿನಗಳಲ್ಲಿ ಲಿಡಿಯಾರ್ಡ್ ಅವರ ಗುಂಪಿನಲ್ಲಿ ಕಾಣಿಸಿಕೊಂಡರು.

ಸೊರಗಿದ ಎಡಗೈಯನ್ನು ಎದೆಗೆ ಆನಿಸಿಕೊಂಡು ಓಡುತ್ತಿದ್ದ ಈ ತರುಣನಲ್ಲಿ ದೂರದ ಓಟಗಾರನೊಬ್ಬ ಅಡಗಿದ್ದಾನೆ ಎಂಬುದನ್ನು ಲಿಡಿಯಾರ್ಡ್ ಗುರುತಿಸಿದರು. ಆದರೆ ಅವನನ್ನು ಹೊರತರಲು ಅವಸರಿಸಲಿಲ್ಲ. 1954ರ ವ್ಯಾಂಕೋವರ್ ಕೂಟದಲ್ಲಿ ರೋಜರ್ ಬ್ಯಾನಿಸ್ಟರ್ ಮತ್ತು ಜಾನ್ ಲ್ಯಾಂಡಿ ನಡುವಣ ಪ್ರಸಿದ್ಧ ಮೈಲಿ ಓಟದಲ್ಲಿ ಹಾಲ್ಬರ್ಗ್ ಐದನೆಯವರಾದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನ 1500 ಮೀಟರ್ ಓಟದಲ್ಲಿ ಪದಕದ ಹತ್ತಿರವೂ ಸುಳಿಯಲಿಲ್ಲ. ಅಷ್ಟಕ್ಕೇ ಶಿಷ್ಯನ ಮೇಲಿನ ಭರವಸೆ ಬತ್ತಲಿಲ್ಲ. ದೂರವನ್ನು ಹೆಚ್ಚಿಸಿಕೊಳ್ಳುವುದು, ವರ್ಷದಿಂದ ವರ್ಷಕ್ಕೆ ಅಡಿಪಾಯವನ್ನು ಗಟ್ಟಿಗೊಳಿಸುವುದು ಮುಂದುವರಿಯಿತು. 1958ರಲ್ಲಿ ಹಾಲ್ಬರ್ಗ್ ಕಾರ್ಡಿಫ್‌ನ ಎಂಪೈರ್ ಕ್ರೀಡಾಕೂಟದಲ್ಲಿ ಮೂರು ಮೈಲಿ ಓಟದ ಚಿನ್ನ ಗೆದ್ದರು. ಅದೇ ವರ್ಷ ನಾಲ್ಕು ನಿಮಿಷದೊಳಗೆ ಮೈಲಿ ಓಡಿದ ಮೊದಲ ನ್ಯೂಜಿಲೆಂಡಿಗರಾದರು. ರೋಮ್‌ನಲ್ಲಿ ಚಿನ್ನ ಬಂದಾಗ ಅವರಿಗೆ 27 ವರ್ಷ. ಹದಿಹರೆಯದ ಅಪಘಾತದಿಂದ ಒಲಿಂಪಿಕ್ ವೇದಿಕೆಯವರೆಗೆ ಒಂದು ದಶಕದ ಹಾದಿ, ಅದರಲ್ಲಿ ಸುಮಾರು ಒಂಬತ್ತು ವರ್ಷ ಗುರುವಿನ ಜೊತೆಗೆ.

ಈ ಒಂಬತ್ತು ವರ್ಷಗಳಲ್ಲಿ ಲಿಡಿಯಾರ್ಡ್ ಅವರಿಗೆ ಸಂಬಳ ಕೊಟ್ಟವರಿಲ್ಲ, ಗಡುವು ವಿಧಿಸಿದವರೂ ಇಲ್ಲ. ಮುಂದಿನ ಕೂಟದಲ್ಲಿ ಪದಕ ಬಾರದಿದ್ದರೆ ಕೆಲಸ ಹೋಗುತ್ತದೆ ಎಂಬ ಭಯ ಅವರಿಗಿರಲಿಲ್ಲ. ಹಾಲಿನ ಕೆಲಸವೂ ಶೂ ಕಾರ್ಖಾನೆಯೂ ಅವರ ಹೊಟ್ಟೆ ನೋಡಿಕೊಳ್ಳುತ್ತಿದ್ದವು. ಬಡತನದ ಈ ಸ್ವಾತಂತ್ರ್ಯವೇ ಅವರಿಗೆ ಕಾಯುವ ಧೈರ್ಯ ಕೊಟ್ಟಿತು ಎಂದರೆ ತಪ್ಪಾಗಲಾರದು.

ಟೆನಿಸ್ ಅಂಗಳದಿಂದ ಬಂದ ಸ್ನೆಲ್

ಪೀಟರ್ ಸ್ನೆಲ್ ಅವರದು ಇನ್ನೊಂದು ಬಗೆಯ ಕಥೆ. 1938ರಲ್ಲಿ ಒಪುನಾಕೆ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ ಅವರು ಶಾಲೆಯಲ್ಲಿ ಆಡದ ಆಟವಿಲ್ಲ. ರಗ್ಬಿ, ಕ್ರಿಕೆಟ್, ಹಾಕಿ, ಬ್ಯಾಡ್ಮಿಂಟನ್ ಎಲ್ಲದರಲ್ಲೂ ಕೈಯಾಡಿಸಿದರು. ಎಲ್ಲಕ್ಕಿಂತ ಹೆಚ್ಚಾಗಿ ಟೆನಿಸ್ ಅವರನ್ನು ಸೆಳೆದಿತ್ತು. ದೇಶದ ಕಿರಿಯರ ಟೆನಿಸ್ ಚಾಂಪಿಯನ್‌ಷಿಪ್‌ವರೆಗೂ ಹೋಗಿ ಆಡಿದ್ದರು. ಶಾಲಾ ಕೂಟಗಳಲ್ಲಿ ಅರ್ಧ ಮೈಲಿ ಓಟವನ್ನು ಗೆಲ್ಲುತ್ತಿದ್ದರೂ ಓಟಕ್ಕೆಂದೇ ವರ್ಷವಿಡೀ ಬೆವರು ಸುರಿಸಿದವರಲ್ಲ. ಅವರು ಓಟವನ್ನು ಗಂಭೀರವಾಗಿ ಹಿಡಿದು ಲಿಡಿಯಾರ್ಡ್ ಅವರ ಬಳಿ ಬಂದಾಗ ಹತ್ತೊಂಬತ್ತರ ಆಸುಪಾಸಿನಲ್ಲಿದ್ದರು.

ಇಂದಿನ ಹಲವು ತಂದೆತಾಯಿಯರ ಕಣ್ಣಿಗೆ ಇದು ತೀರ ತಡವಾದ ಆರಂಭವೆನಿಸೀತು. ಲಿಡಿಯಾರ್ಡ್ ಅವರಿಗೆ ಹಾಗನ್ನಿಸಲಿಲ್ಲ. ಬಗೆಬಗೆಯ ಆಟಗಳಲ್ಲಿ ಬೆಳೆದ, ಸ್ಪರ್ಧೆಯ ಭಾರಕ್ಕೆ ಬಳಲದ ದೇಹವೊಂದು ಅವರ ಮುಂದಿತ್ತು. ಸ್ನೆಲ್ ಅವರಲ್ಲಿದ್ದ ಸಹಜ ವೇಗವನ್ನು ಕಂಡ ಅವರು, ಆ ವೇಗವನ್ನು ಕೊನೆಯವರೆಗೂ ಉಳಿಸಿಕೊಳ್ಳುವ ಶಕ್ತಿ ಕೂಡಿದರೆ ಜಗತ್ತಿನ ಯಾರನ್ನಾದರೂ ಸೋಲಿಸಬಹುದು ಎಂದು ಲೆಕ್ಕ ಹಾಕಿದರು.

ಆ ಶಕ್ತಿ ಕೂಡಿಬಂದದ್ದು ಆಕ್ಲೆಂಡ್‌ನ ಪಶ್ಚಿಮಕ್ಕಿರುವ ವೈಟಾಕೆರೆ ಬೆಟ್ಟಸಾಲಿನಲ್ಲಿ. ವೈಯಾಟರುವಾ ಮೂಲಕ ಹಾದುಹೋಗುವ 22 ಮೈಲಿಯ ಏರಿಳಿತದ ದಾರಿಯನ್ನು ಲಿಡಿಯಾರ್ಡ್ ಅವರ ಶಿಷ್ಯರು ಭಾನುವಾರಗಳಂದು ಗುಂಪಾಗಿ ಓಡುತ್ತಿದ್ದರು. ಮ್ಯಾರಥಾನ್ ಓಡುವ ಮಗೀ ಮಾತ್ರವಲ್ಲ, ಎರಡೇ ಸುತ್ತಿನ ಸ್ಪರ್ಧೆಯಲ್ಲಿ ಓಡುವ ಸ್ನೆಲ್ ಕೂಡ ಅದೇ ದಾರಿ ಸವೆಸಬೇಕಿತ್ತು. 800 ಮೀಟರ್ ಓಟಗಾರ 35 ಕಿಲೋಮೀಟರ್ ಓಡುವುದು ಆ ಕಾಲದ ಪರಿಣತರಿಗೆ ಹುಚ್ಚಾಟವಾಗಿ ಕಂಡಿತು.

ಈ ದೀರ್ಘ ಓಟಗಳು ಲಿಡಿಯಾರ್ಡ್ ಅವರ ಕ್ರಮದ ತಳಪಾಯ ಮಾತ್ರ. ಸುಮಾರು ಹತ್ತು ಹನ್ನೆರಡು ವಾರ ಹದವಾದ ದೂರದ ಓಟ, ನಂತರ ಕೆಲವು ವಾರ ಗುಡ್ಡದ ಏರಿನಲ್ಲಿ ನೆಗೆನೆಗೆದು ಓಡುವ ಅಭ್ಯಾಸ, ಆಮೇಲೆ ಟ್ರ್ಯಾಕ್ ಮೇಲಿನ ವೇಗದ ಕೆಲಸ, ಕೊನೆಗೆ ಭಾರ ಇಳಿಸಿ ದೇಹವನ್ನು ಹಗುರಗೊಳಿಸುವ ದಿನಗಳು. ಮುಖ್ಯ ಸ್ಪರ್ಧೆಯ ದಿನಕ್ಕೆ ಸರಿಯಾಗಿ ಓಟಗಾರ ತನ್ನ ಶಿಖರ ಮುಟ್ಟುವಂತೆ ವರ್ಷವನ್ನೇ ಭಾಗ ಮಾಡುವ ಕಲೆ ಅವರದಾಗಿತ್ತು.

ಫಲ ಎಂಥದೆಂಬುದನ್ನು 1962 ತೋರಿಸಿತು. ಆ ವರ್ಷದ ಜನವರಿ 27ರಂದು ವಾಂಗನೂಯಿ ಪಟ್ಟಣದ ಹುಲ್ಲಿನ ಅಂಗಳದಲ್ಲಿ ಸ್ನೆಲ್ 3 ನಿಮಿಷ 54.4 ಸೆಕೆಂಡ್‌ಗಳಲ್ಲಿ ಮೈಲಿ ಓಡಿ ಹರ್ಬ್ ಎಲಿಯಟ್ ಅವರ ವಿಶ್ವದಾಖಲೆಯನ್ನು ಮುರಿದರು. ಒಂದು ವಾರದ ನಂತರ ಕ್ರೈಸ್ಟ್‌ಚರ್ಚ್‌ನಲ್ಲಿ, ಅದೂ ಹುಲ್ಲಿನ ಮೇಲೆಯೇ, 800 ಮೀಟರ್ ದೂರವನ್ನು 1 ನಿಮಿಷ 44.3 ಸೆಕೆಂಡ್‌ಗಳಲ್ಲಿ ಕ್ರಮಿಸಿ ಮತ್ತೊಂದು ವಿಶ್ವದಾಖಲೆ ಬರೆದರು. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 800 ಮತ್ತು 1500 ಮೀಟರ್ ಎರಡರಲ್ಲೂ ಚಿನ್ನ ಅವರದೇ ಆಯಿತು. 1500 ಮೀಟರಿನಲ್ಲಿ ಕಂಚು ಗೆದ್ದ ಜಾನ್ ಡೇವಿಸ್ ಕೂಡ ಲಿಡಿಯಾರ್ಡ್ ಅವರ ಗರಡಿಯವರು.

ಎಳೆಯರ ವಿಷಯದಲ್ಲಿ ಎಚ್ಚರ

ಗೆಲುವಿನ ಬೆನ್ನಲ್ಲೇ ತಪ್ಪು ಅರ್ಥವೂ ಬಂತು. ವಾರಕ್ಕೆ 100 ಮೈಲಿ ಎಂಬ ಅಂಕಿ ಎಲ್ಲರ ಬಾಯಲ್ಲಿ ನಿಂತಿತು. ಅದು ವರ್ಷಗಳ ತಯಾರಿಯ ನಂತರ ಪ್ರಬುದ್ಧ ಓಟಗಾರ ತಲುಪುವ ಪ್ರಮಾಣ ಎಂಬ ವಿವರ ಹಿಂದೆ ಉಳಿಯಿತು. ಶಾಲಾ ಬಾಲಕರಿಗೂ ಅದೇ ಅಂಕಿಯ ಬೆನ್ನು ಹತ್ತಿಸಲು ಹೊರಟವರು ಲಿಡಿಯಾರ್ಡ್ ಅವರ ಹೆಸರನ್ನೇ ಬಳಸಿದರು.

ಅವರ ನಿಲುವು ಸ್ಪಷ್ಟವಿತ್ತು. ಮಕ್ಕಳು ಓಡಬಾರದು ಎಂದು ಅವರು ಹೇಳಲಿಲ್ಲ. ಹಗುರ ದೇಹದ ಎಳೆಯರು ತಮ್ಮ ತೂಕಕ್ಕೆ ಹೋಲಿಸಿದರೆ ಆಮ್ಲಜನಕವನ್ನು ಚೆನ್ನಾಗಿ ಬಳಸಿಕೊಳ್ಳುತ್ತಾರೆ. ಆದ್ದರಿಂದ ಮಾತನಾಡುತ್ತ ಓಡಬಹುದಾದ ವೇಗದಲ್ಲಿ, ಕಾಡಿನ ಹಾದಿಯಲ್ಲೋ ಮೈದಾನದಲ್ಲೋ ಗೆಳೆಯರ ಜೊತೆ ಎಷ್ಟು ಓಡಿದರೂ ಅವರ ಹೃದಯಕ್ಕೆ ಹಾನಿಯಿಲ್ಲ ಎಂಬುದು ಅವರ ನಂಬಿಕೆ. ಅಪಾಯವಿರುವುದು ಉಸಿರುಗಟ್ಟುವ ವೇಗದಲ್ಲಿ, ಗಡಿಯಾರ ಹಿಡಿದು, ಮತ್ತೆ ಮತ್ತೆ ಓಡಿಸುವುದರಲ್ಲಿ. ಆಮ್ಲಜನಕ ಸಾಲದೆ ಸ್ನಾಯುಗಳು ಉರಿಯುವ ಆ ಸ್ಥಿತಿಯನ್ನು ಬೆಳೆಯುವ ದೇಹದ ಮೇಲೆ ಪದೇ ಪದೇ ಹೇರಬಾರದು ಎಂದು ಅವರು ಉಪನ್ಯಾಸಗಳಲ್ಲೂ ಪುಸ್ತಕಗಳಲ್ಲೂ ಎಚ್ಚರಿಸುತ್ತ ಬಂದರು.

ಹದಿಹರೆಯದವರಿಗೆ ಅವರು ಸೂಚಿಸಿದ ದಾರಿ ಸರಳವಾಗಿತ್ತು. ದೂರವನ್ನಲ್ಲ, ಸಮಯವನ್ನು ಲೆಕ್ಕವಿಡಬೇಕು. ಸ್ಪರ್ಧೆಗಳು ಮಿತವಾಗಿರಬೇಕು. ಮುಂದೆ ಓಡುವವನು ಹಿಂದುಳಿದವನಿಗಾಗಿ ಕಾಯಬೇಕು. ಓಟ ಮುಗಿಸಿದ ಹುಡುಗನಿಗೆ ನಾಳೆ ಮತ್ತೆ ಓಡಬೇಕೆಂಬ ಆಸೆ ಉಳಿದಿರಬೇಕು. ಹೀಗೆ ಬೆಳೆದವರು ಇಪ್ಪತ್ತರ ಹೊಸ್ತಿಲಿಗೆ ಬಂದಾಗ ಕಠಿಣ ತರಬೇತಿಗೆ ತಕ್ಕ ಪಾತ್ರರಾಗಿರುತ್ತಾರೆ ಎಂಬುದು ಅವರ ಲೆಕ್ಕ.

ಬೆಳೆಯುವ ಸಿರಿ ಮೊಳಕೆಯಲ್ಲಿ ಎನ್ನುವ ಗಾದೆ ನಮ್ಮಲ್ಲಿದೆ. ಓಟದ ಅಂಗಳದಲ್ಲಿ ಈ ಮಾತು ಎಷ್ಟೋ ಸಲ ಮೋಸ ಮಾಡುತ್ತದೆ. ಒಂದೇ ವಯಸ್ಸಿನ ಇಬ್ಬರು ಹುಡುಗರ ದೈಹಿಕ ಬೆಳವಣಿಗೆಯಲ್ಲಿ ಎರಡು ಮೂರು ವರ್ಷಗಳ ಅಂತರವಿರುವುದು ಅಪರೂಪವಲ್ಲ. ಬೇಗ ಮೈ ತುಂಬಿಕೊಂಡವನು ಹದಿನಾಲ್ಕರಲ್ಲಿ ಗೆಲ್ಲುತ್ತಾನೆ. ತಡವಾಗಿ ಬೆಳೆಯುವವನು ಸೋತು, ತನ್ನಲ್ಲಿ ಪ್ರತಿಭೆಯಿಲ್ಲ ಎಂದುಕೊಂಡು ಮನೆಗೆ ಮರಳುತ್ತಾನೆ. ಎಲುಬುಗಳ ತುದಿಯಲ್ಲಿರುವ ಬೆಳವಣಿಗೆಯ ಭಾಗ ಇನ್ನೂ ಮೃದುವಾಗಿರುವ ಆ ವರ್ಷಗಳಲ್ಲಿ ಅತಿಭಾರ ಹೇರಿದರೆ ಗೆದ್ದವನೂ ಪೆಟ್ಟು ಮಾಡಿಕೊಂಡು ಹಿಂದುಳಿಯಬಹುದು. ಹುಡುಗಿಯರಲ್ಲಿ ಈ ಬೆಳವಣಿಗೆಯ ವೇಗ ಹುಡುಗರಿಗಿಂತ ಸುಮಾರು ಎರಡು ವರ್ಷ ಮೊದಲೇ ಬರುತ್ತದೆ. ದೇಹದ ಆಕಾರ ಬದಲಾಗುವಾಗ ಓಟದ ವೇಗ ಕೆಲಕಾಲ ನಿಂತಲ್ಲೇ ನಿಲ್ಲುವುದೂ ಸಹಜ. ಆ ಹೊತ್ತಿನಲ್ಲಿ ಕಾಯುವ ಗುರು ಸಿಗದಿದ್ದರೆ ಎಷ್ಟೋ ಹುಡುಗಿಯರು ಅಂಗಳವನ್ನೇ ತೊರೆಯುತ್ತಾರೆ.

ಎದುರು ನಿಂತ ಉದಾಹರಣೆ

ಲಿಡಿಯಾರ್ಡ್ ಅವರ ಈ ವಾದಕ್ಕೆ ಸವಾಲು ಇರಲಿಲ್ಲವೆಂದಲ್ಲ. ಅಮೆರಿಕದ ಕಾನ್ಸಾಸ್ ರಾಜ್ಯದ ಜಿಮ್ ರಯನ್ 1964ರಲ್ಲಿ, ಇನ್ನೂ ಪ್ರೌಢಶಾಲೆಯಲ್ಲಿದ್ದಾಗಲೇ, ನಾಲ್ಕು ನಿಮಿಷದೊಳಗೆ ಮೈಲಿ ಓಡಿದರು. ಅವರ ತರಬೇತುದಾರ ಬಾಬ್ ಟಿಮ್ಮನ್ಸ್ ಇಂಟರ್ವಲ್ ಪದ್ಧತಿಯ ಕಠಿಣ ಸಾಧಕರು. 1965ರ ಜೂನ್‌ನಲ್ಲಿ 18 ವರ್ಷದ ರಯನ್, ಸ್ಯಾನ್ ಡಿಯಾಗೊದಲ್ಲಿ ನಡೆದ ಮೈಲಿ ಓಟದಲ್ಲಿ ಸ್ವತಃ ಪೀಟರ್ ಸ್ನೆಲ್ ಅವರನ್ನೇ ಸೋಲಿಸಿದರು. ಲಿಡಿಯಾರ್ಡ್ ಪದ್ಧತಿಯ ಶ್ರೇಷ್ಠ ಫಲವನ್ನು ಹದಿಹರೆಯದ ಹುಡುಗನೊಬ್ಬ ಹಿಂದಿಕ್ಕಿದ್ದ.

ರಯನ್ 1966 ಮತ್ತು 1967ರಲ್ಲಿ ಮೈಲಿಯ ವಿಶ್ವದಾಖಲೆ ಬರೆದರು. 3 ನಿಮಿಷ 51.1 ಸೆಕೆಂಡ್‌ಗಳ ಆ ಎರಡನೆಯ ದಾಖಲೆ ಬಂದಾಗ ಅವರಿಗೆ 20 ವರ್ಷ. ಮುಂದೆ ಅವರು ಆ ವೇಗವನ್ನು ಮೀರಲಿಲ್ಲ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಕೀನ್ಯಾದ ಕಿಪ್ ಕೀನೊ ಅವರ ಹಿಂದೆ ಬೆಳ್ಳಿ ಗೆದ್ದರು. 1972ರ ಮ್ಯೂನಿಕ್‌ನಲ್ಲಿ ಅರ್ಹತಾ ಸುತ್ತಿನಲ್ಲೇ ಎಡವಿ ಬಿದ್ದರು. ಇದಕ್ಕೆಲ್ಲ ಎಳವೆಯ ತರಬೇತಿಯೇ ಕಾರಣ ಎಂದು ತೀರ್ಪು ಕೊಡುವುದು ನ್ಯಾಯವಲ್ಲ. ಮೆಕ್ಸಿಕೊದ ಎತ್ತರ, ಅನಾರೋಗ್ಯ, ದುರದೃಷ್ಟ ಎಲ್ಲವೂ ಅಲ್ಲಿ ಸೇರಿದ್ದವು. ಬೇಗ ಅರಳುವ ಪ್ರತಿಭೆ ಇದ್ದೇ ಇದೆ ಎಂಬುದನ್ನು ರಯನ್ ತೋರಿಸಿಕೊಟ್ಟರು. ಆದರೆ ಅದೇ ತರಬೇತಿಯನ್ನು ತಾಳಿಕೊಳ್ಳಲಾರದೆ ಹಿಂದೆ ಸರಿದ ಹುಡುಗರ ಹೆಸರು ದಾಖಲೆಗಳ ಪುಸ್ತಕದಲ್ಲಿ ಇರುವುದಿಲ್ಲ. ಲಿಡಿಯಾರ್ಡ್ ಚಿಂತಿಸಿದ್ದು ಆ ಹೆಸರಿಲ್ಲದವರ ಕುರಿತು. ಚಾಂಪಿಯನ್ ಆಗಬಲ್ಲವರು ಪ್ರತಿಯೊಂದು ಊರಿನಲ್ಲೂ ಇದ್ದಾರೆ, ಅವರನ್ನು ಕೆಡಿಸದೆ ಬೆಳೆಸುವವರು ಬೇಕು ಎಂಬುದು ಅವರ ದೃಢ ನಂಬಿಕೆಯಾಗಿತ್ತು.

ಫಿನ್ಲೆಂಡ್‌ನಲ್ಲಿ ಬಿತ್ತಿದ ಬೀಜ

ತಾಯ್ನಾಡಿನಲ್ಲಿ ಲಿಡಿಯಾರ್ಡ್ ಅವರಿಗೆ ಗೌರವ ಸಿಕ್ಕರೂ ಅಧಿಕಾರಿಗಳ ಜೊತೆ ಹೊಂದಾಣಿಕೆ ಸಾಧ್ಯವಾಗಲಿಲ್ಲ. ಮನಸ್ಸಿನಲ್ಲಿದ್ದುದನ್ನು ಮುಖಕ್ಕೆ ಹೇಳುವ ಸ್ವಭಾವ ಅವರದು. ಮೆಕ್ಸಿಕೊದಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿದ ಅವರು 1967ರಲ್ಲಿ ಫಿನ್ಲೆಂಡ್‌ಗೆ ಹೋದರು. ಒಂದು ಕಾಲದಲ್ಲಿ ಪಾವೊ ನುರ್ಮಿಯಂಥವರಿಂದ ದೂರದ ಓಟವನ್ನು ಆಳಿದ್ದ ಆ ದೇಶ ದಶಕಗಳಿಂದ ಮಂಕಾಗಿತ್ತು.

ಅಲ್ಲಿಯೂ ಅವರ ಮಾತಿಗೆ ಆರಂಭದಲ್ಲಿ ವಿರೋಧವೇ ಹೆಚ್ಚಾಗಿತ್ತು. ಆದರೆ ಈ ಬಾರಿ ಅವರು ಓಟಗಾರರಿಗಿಂತ ಹೆಚ್ಚಾಗಿ ತರಬೇತುದಾರರನ್ನು ತಯಾರು ಮಾಡಲು ಗಮನ ಕೊಟ್ಟರು. ಒಂದೂವರೆ ವರ್ಷದ ನಂತರ ಅವರು ಮರಳಿದಾಗ ಹೇಳಿಕೊಳ್ಳುವಂಥ ಪದಕಗಳೇನೂ ಬಂದಿರಲಿಲ್ಲ. ಫಲ ಬಂದದ್ದು 1972ರಲ್ಲಿ. ಮ್ಯೂನಿಕ್ ಒಲಿಂಪಿಕ್ಸ್‌ನ 10,000 ಮೀಟರ್ ಓಟದ ನಡುವೆ ಬಿದ್ದು, ಎದ್ದು, ವಿಶ್ವದಾಖಲೆಯೊಂದಿಗೆ ಗೆದ್ದ ಲಾಸೆ ವಿರೇನ್ 5000 ಮೀಟರಿನಲ್ಲೂ ಚಿನ್ನ ಗೆದ್ದರು. 1500 ಮೀಟರಿನಲ್ಲಿ ಪೆಕ್ಕಾ ವಸಾಲಾ ಮೊದಲಿಗರಾದರು. ವಿರೇನ್ ಅವರನ್ನು ರೂಪಿಸಿದವರು ರೋಲ್ಫ್ ಹೈಕೋಲಾ. ಅವರು ಫಿನ್ಲೆಂಡಿನ ಹಳೆಯ ಪರಂಪರೆಯನ್ನೂ ಬೇರೆ ಗುರುಗಳ ವಿಚಾರಗಳನ್ನೂ ಬೆರೆಸಿಕೊಂಡಿದ್ದರು. ಆದರೂ ಫಿನ್ಲೆಂಡಿನ ಪುನರುತ್ಥಾನದಲ್ಲಿ ಲಿಡಿಯಾರ್ಡ್ ಅವರ ಪಾಲನ್ನು ಆ ದೇಶ ಮರೆಯಲಿಲ್ಲ. ಅವರು ಅಲ್ಲಿದ್ದ ದಿನಗಳಲ್ಲಿ ವಿರೇನ್ ಹದಿನೆಂಟು ಹತ್ತೊಂಬತ್ತರ ತರುಣ.

ತಾಯ್ನಾಡಿನಲ್ಲೂ ಬೀಜ ಬಾಡಲಿಲ್ಲ. ಲಿಡಿಯಾರ್ಡ್ ಅವರ ತತ್ವಗಳನ್ನು ಅನುಸರಿಸಿದ ಆರ್ಚ್ ಜೆಲ್ಲಿ ಅವರ ಶಿಷ್ಯ ಜಾನ್ ವಾಕರ್ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ 1500 ಮೀಟರ್ ಚಿನ್ನ ಗೆದ್ದರು. ಟೋಕಿಯೊದಲ್ಲಿ ಕಂಚು ಗೆದ್ದಿದ್ದ ಜಾನ್ ಡೇವಿಸ್ ತಾವೇ ತರಬೇತುದಾರರಾಗಿ, ಹದಿಹರೆಯದ ಲೊರೇನ್ ಮೊಲ್ಲರ್ ಎಂಬ ಬಾಲಕಿಯನ್ನು ತಮ್ಮ ಗುರುವಿನ ಕ್ರಮದಲ್ಲೇ ಬೆಳೆಸಿದರು. ಆಕೆ 1974ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಓಡಿದ್ದು 800 ಮೀಟರ್. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದದ್ದು ಮ್ಯಾರಥಾನ್‌ನಲ್ಲಿ, 37ನೆಯ ವಯಸ್ಸಿನಲ್ಲಿ. 1984ರಿಂದ 1996ರವರೆಗಿನ ನಾಲ್ಕೂ ಒಲಿಂಪಿಕ್ ಮ್ಯಾರಥಾನ್‌ಗಳಲ್ಲಿ ಅವರು ಓಡಿದರು. ಎಳವೆಯಲ್ಲಿ ಸುಡದೆ ಉಳಿಸಿಕೊಂಡ ಪ್ರತಿಭೆ ಎಷ್ಟು ದೂರ ಬಾಳಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಎಲ್ಲರಿಗೂ ಓಟ

ಚಾಂಪಿಯನ್‌ಗಳ ಗುರುವಿಗೆ ಸಾಮಾನ್ಯರ ಮೇಲೂ ಅಷ್ಟೇ ಕಾಳಜಿಯಿತ್ತು. 1960ರ ದಶಕದ ಆರಂಭದಲ್ಲಿ ಅವರ ಪ್ರೇರಣೆಯಿಂದ ಆಕ್ಲೆಂಡ್‌ನಲ್ಲಿ ಜಾಗಿಂಗ್ ಕ್ಲಬ್ ಹುಟ್ಟಿತು. ಬೊಜ್ಜು ಬೆಳೆಸಿಕೊಂಡ ನಡುವಯಸ್ಕರು, ಹೃದಯದ ತೊಂದರೆ ಅನುಭವಿಸಿದವರು ಅಲ್ಲಿ ನಿಧಾನವಾಗಿ ಓಡಲು ಕಲಿತರು. 1962ರ ಕೊನೆಯಲ್ಲಿ ನ್ಯೂಜಿಲೆಂಡಿಗೆ ಬಂದ ಅಮೆರಿಕದ ಖ್ಯಾತ ಕೋಚ್ ಬಿಲ್ ಬೋವರ್‌ಮನ್ ಈ ಗುಂಪಿನೊಂದಿಗೆ ಓಡಲು ಹೋಗಿ, 70 ದಾಟಿದ ವೃದ್ಧರೊಬ್ಬರ ಹಿಂದೆ ಬಿದ್ದು ನಾಚಿದರು. ಊರಿಗೆ ಮರಳಿದ ಅವರು ಜಾಗಿಂಗ್ ಅನ್ನು ಅಮೆರಿಕದಲ್ಲಿ ಜನಪ್ರಿಯಗೊಳಿಸಿದರು. ಮುಂದೆ ನೈಕಿ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದರು. ಇಂದು ಬೆಂಗಳೂರಿನ ಕಬ್ಬನ್ ಪಾರ್ಕ್‌ನಲ್ಲೋ ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲೋ ಮುಂಜಾನೆ ಓಡುವವರಿಗೆ ಗೊತ್ತಿರಲಿ ಇಲ್ಲದಿರಲಿ, ಆ ಅಭ್ಯಾಸದ ಒಂದು ಬೇರು ಆಕ್ಲೆಂಡ್‌ನಲ್ಲಿದೆ.

ಗುರುವಿನ ಅನುಭವದ ಮಾತುಗಳಿಗೆ ವಿಜ್ಞಾನದ ಆಧಾರ ಹುಡುಕಿದವರು ಶಿಷ್ಯ ಸ್ನೆಲ್ ಅವರೇ. ಓಟ ಬಿಟ್ಟ ಮೇಲೆ ಅಮೆರಿಕಕ್ಕೆ ತೆರಳಿ ವ್ಯಾಯಾಮದ ಶರೀರಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಡಲ್ಲಾಸ್‌ನ ವೈದ್ಯಕೀಯ ಕೇಂದ್ರದಲ್ಲಿ ಸಂಶೋಧಕರಾದರು. ದೀರ್ಘ ಓಟದಲ್ಲಿ ನಿಧಾನ ಸ್ವಭಾವದ ಸ್ನಾಯುತಂತುಗಳ ಇಂಧನ ತೀರಿದಾಗ ವೇಗದ ತಂತುಗಳೂ ಕೆಲಸಕ್ಕೆ ಇಳಿಯುತ್ತವೆ, ಹೀಗೆ ಅವೂ ಪಳಗುತ್ತವೆ ಎಂದು ಅವರು ವಿವರಿಸಿದರು. ವೈಯಾಟರುವಾದ 35 ಕಿಲೋಮೀಟರ್ ತಮ್ಮ ಎರಡು ಸುತ್ತಿನ ಓಟಕ್ಕೆ ಹೇಗೆ ನೆರವಾಯಿತು ಎಂಬ ಪ್ರಶ್ನೆಗೆ ಅವರೇ ಕಂಡುಕೊಂಡ ಉತ್ತರವದು.

1990ರ ದಶಕದಿಂದ ಈಚೆಗೆ ದೀರ್ಘಾವಧಿಯ ಕ್ರೀಡಾಪಟು ವಿಕಾಸ ಎಂಬ ಹೆಸರಿನಲ್ಲಿ ಕೆನಡಾದ ಇಸ್ತ್ವಾನ್ ಬಾಲ್ಯಿ ಮುಂತಾದವರು ವಯಸ್ಸಿಗೆ ತಕ್ಕ ತರಬೇತಿಯ ಹಂತಗಳನ್ನು ರೂಪಿಸಿದರು. ಎಲ್ಲ ಮಾತಿನಲ್ಲೂ ಇಂದಿನ ತರಬೇತಿ ಲಿಡಿಯಾರ್ಡ್ ಅವರನ್ನು ಅನುಸರಿಸುವುದಿಲ್ಲ. ವೇಗದ ಅಭ್ಯಾಸವನ್ನು ವರ್ಷವಿಡೀ ಸ್ವಲ್ಪ ಸ್ವಲ್ಪ ಉಳಿಸಿಕೊಳ್ಳಬೇಕು ಎನ್ನುವವರಿದ್ದಾರೆ. ಓಟದಷ್ಟೇ ಜಿಗಿತ, ಎಸೆತ, ದೇಹಬಲಕ್ಕೂ ಎಳವೆಯಲ್ಲಿ ಸ್ಥಾನವಿರಬೇಕು ಎನ್ನುವುದು ಈಗ ಬಹುತೇಕ ಒಪ್ಪಿತ ಮಾತು. ಆದರೆ ಎಳೆಯ ದೇಹದಿಂದ ಬೇಗ ಬೆಳೆ ಕೀಳಬಾರದು ಎಂಬ ಮೂಲ ವಿಚಾರ ಮಾತ್ರ ಬದಲಾಗಿಲ್ಲ.

1990ರಲ್ಲಿ ನ್ಯೂಜಿಲೆಂಡ್ ಅವರಿಗೆ ದೇಶದ ಅತ್ಯುನ್ನತ ಗೌರವವಾದ ಆರ್ಡರ್ ಆಫ್ ನ್ಯೂಜಿಲೆಂಡ್ ನೀಡಿತು. ಮುಪ್ಪಿನಲ್ಲೂ ಅವರು ಮನೆಯಲ್ಲಿ ಕುಳಿತವರಲ್ಲ. 2004ರಲ್ಲಿ, 87ನೆಯ ವಯಸ್ಸಿನಲ್ಲಿ, ಅಮೆರಿಕದ ಊರೂರು ಸುತ್ತಿ ಉಪನ್ಯಾಸ ನೀಡುತ್ತಿದ್ದರು. ಆ ಪ್ರವಾಸದ ನಡುವೆಯೇ, ಡಿಸೆಂಬರ್ 11ರಂದು, ಟೆಕ್ಸಾಸ್‌ನಲ್ಲಿ ನಿಧನರಾದರು. ಸ್ನೆಲ್ 2019ರಲ್ಲಿ, ಹಾಲ್ಬರ್ಗ್ 2022ರಲ್ಲಿ ಗುರುವಿನ ಹಾದಿ ಹಿಡಿದರು. ವಿಕಲಚೇತನ ಮಕ್ಕಳು ಆಟದಿಂದ ವಂಚಿತರಾಗಬಾರದೆಂದು ಹಾಲ್ಬರ್ಗ್ 1963ರಲ್ಲಿ ಕಟ್ಟಿದ ಸಂಸ್ಥೆ ಅವರ ನಂತರವೂ ಉಳಿಯಿತು.

ಹದಿನಾಲ್ಕರ ಮಗುವಿನ ಕೊರಳಿಗೆ ಬೀಳುವ ಪದಕ ಶಾಲೆಗೂ ಹೆತ್ತವರಿಗೂ ಕೋಚ್‌ಗೂ ಅಂದೇ ಸಂತೋಷ ಕೊಡುತ್ತದೆ. ಇಪ್ಪತ್ತೇಳರಲ್ಲಿ ಬರಬಹುದಾದ ಪದಕಕ್ಕಾಗಿ ಇಂದಿನದನ್ನು ಬಿಟ್ಟುಕೊಡಲು ಮನಸ್ಸು ಗಟ್ಟಿಯಿರಬೇಕು. ಆ ಮಗು ಮುಂದೆ ಗೆದ್ದಾಗ ಮೊದಲ ಗುರುವಿನ ಹೆಸರು ಯಾರಿಗೂ ನೆನಪಿರದೆ ಹೋಗಬಹುದು. ಹಾಲು ಹಾಕಿ, ಶೂ ಹೊಲಿಸಿ, ಸಂಜೆ ನೆರೆಮನೆಯ ಹುಡುಗರ ಜೊತೆ ಓಡಿದ ಆರ್ಥರ್ ಲಿಡಿಯಾರ್ಡ್ ಆ ನಷ್ಟಕ್ಕೆ ಸಿದ್ಧರಾಗಿಯೇ ಕೆಲಸ ಆರಂಭಿಸಿದ್ದರು.